ಯಾವ ಭಂಗಿ, ಸರ್?

ಹೋಳಿ ಹಬ್ಬದ ದಿನ ತುರ್ತು ಚಿಕಿತ್ಸಾ ವಿಭಾಗದ ಪಾಳಿ ಯಾರಿಗೂ ಬೇಡ. ಕಣ್ಣಿಗೆ ಬಣ್ಣ ಬಿದ್ದವರು, ಒದ್ದೆ ನೆಲದ ಮೇಲೆ ಜಾರಿ ಮಣಿಕಟ್ಟು ಮುರಿದುಕೊಂಡವರು, ನೀರಿನ ಬಲೂನು ಕಿವಿಗೆ ಹೊಡೆಸಿಕೊಂಡವರು, ಎಲ್ಲರೂ ಗುಲಾಬಿ ಇಲ್ಲವೇ ಹಸಿರು. ಮುಖದ ಬಣ್ಣ ನೋಡಿ ರಕ್ತ ಕಡಿಮೆಯಿದೆಯೋ, ಕಾಮಾಲೆಯೋ ಎಂದು ಊಹಿಸುವ ನಮ್ಮ ವಿದ್ಯೆ ಅಂದು ಮೂರು ಕಾಸಿಗೂ ಬಾರದು. ಆದರೂ ಆ ವರ್ಷದ ಪಾಳಿಯನ್ನು ನಾನೇ ಕೇಳಿ ಹಾಕಿಸಿಕೊಂಡಿದ್ದೆ. ನಮ್ಮ ಅಪಾರ್ಟ್‌ಮೆಂಟಿನಲ್ಲಿದ್ದರೆ ಬಣ್ಣ ಹಚ್ಚುವವರಿಂದ ತಪ್ಪಿಸಿಕೊಂಡು ಮೆಟ್ಟಿಲು ಹತ್ತಿ ಇಳಿದು ಓಡಬೇಕು. ಆಸ್ಪತ್ರೆಯಲ್ಲಾದರೆ ಹಚ್ಚಿಸಿಕೊಂಡವರು ತಾವಾಗಿಯೇ ಬಂದು ಮಲಗುತ್ತಾರೆ.

ನಮ್ಮದು ಹಲಸೂರಿಗೂ ಜೀವನ್ ಬಿಮಾ ನಗರಕ್ಕೂ ನಡುವೆ ಇರುವ ಸಣ್ಣ ಆಸ್ಪತ್ರೆ. ಸಿ.ಟಿ. ಸ್ಕ್ಯಾನ್ ಇದೆ, ಎಂ.ಆರ್.ಐ. ಇಲ್ಲ. ನರರೋಗ ತಜ್ಞರು ಕರೆದರೆ ಬರುತ್ತಾರೆ, ಬರುವಷ್ಟರಲ್ಲಿ ಫೋನಿನಲ್ಲಿ ಸಿಗುತ್ತಾರೆ. ಅಂದು ವಿಭಾಗದಲ್ಲಿ ನಾನು ಮತ್ತು ನಮ್ಮ ಹಿರಿಯ ಸಿಸ್ಟರ್. ಆಕೆ ಹಲಸೂರಿನಲ್ಲೇ ಹುಟ್ಟಿ ಬೆಳೆದವರು. ಕನ್ನಡ ಮಾತಾಡುತ್ತಲೇ ತಮಿಳಿಗೆ ಜಾರುತ್ತಾರೆ, ಕೋಪ ಬಂದರೆ ಇಂಗ್ಲಿಷ್. ನನ್ನನ್ನು ಡಾಕ್ಟರಮ್ಮ ಎನ್ನುತ್ತಾರೆ.

ಊಟದ ಹೊತ್ತಿಗೆ ಒಂದು ಆಟೋ ಬಾಗಿಲವರೆಗೂ ಬಂದು ನಿಂತಿತು. ಇಳಿದ ಹೆಂಗಸಿಗೆ ಐವತ್ತೈದರ ಆಸುಪಾಸು. ಇಸ್ತ್ರಿ ಮಾಡಿದ ಹತ್ತಿ ಸೀರೆ, ಹಣೆಯ ಮೇಲೆ ಒಂದೇ ಒಂದು ಬೆರಳಿನಷ್ಟು ಗುಲಾಬಿ ಬಣ್ಣ. ಅವರ ಗಂಡನನ್ನು ಆಟೋದವನೂ ನಮ್ಮ ವಾರ್ಡ್ ಬಾಯ್ ಕೂಡ ಸೇರಿ ಇಳಿಸಬೇಕಾಯಿತು. ಬಿಳಿ ಜುಬ್ಬಾ ಪೂರ್ತಿ ಬಣ್ಣ, ತಲೆಗೂದಲಲ್ಲಿ ನೇರಳೆ. ಕಾಲು ಊರಲು ಹೋಗುತ್ತಾರೆ, ನೆಲ ಎಲ್ಲಿದೆ ಎಂದು ಗೊತ್ತಾಗದವರ ಹಾಗೆ ಪಾದವನ್ನು ಎತ್ತಿ ಎತ್ತಿ ಇಡುತ್ತಾರೆ.

“ಡಾಕ್ಟ್ರೇ, ಬೆಳಗ್ಗೆ ಚೆನ್ನಾಗೇ ಇದ್ರು,” ಎಂದರು ಆಕೆ. “ಕಾಲೋನಿಯವರ ಜೊತೆ ಬಣ್ಣ ಆಡ್ತಿದ್ರು. ಇದ್ದಕ್ಕಿದ್ದ ಹಾಗೆ ಮಾತು ತೊದಲೋಕೆ ಶುರುವಾಯ್ತು. ಕೂತಲ್ಲಿಂದ ಏಳೋಕಾಗ್ಲಿಲ್ಲ. ಇವ್ರ ತಂದೆಗೂ ಹೀಗೇ ಆಗಿದ್ದು. ಆಮೇಲೆ ಅವ್ರು ಹಾಸಿಗೆ ಬಿಟ್ಟು ಏಳ್ಲೇ ಇಲ್ಲ.”

ಆಕೆ ಮಂಡ್ಯದ ಕಡೆಯವರು, ಗಂಡ ಕಲಬುರಗಿ ಕಡೆಯವರು. ವಿಮಾ ಕಚೇರಿಯ ಅಧಿಕಾರಿ, ನಿವೃತ್ತಿಗೆ ಇನ್ನೇನು ಬಂದಿದ್ದಾರೆ. ಇಷ್ಟನ್ನು ನಾನು ರೋಗಿಯ ಬಿ.ಪಿ. ನೋಡುತ್ತಲೇ ತಿಳಿದುಕೊಂಡೆ. ಒತ್ತಡ ಸ್ವಲ್ಪ ಜಾಸ್ತಿ, ನಾಡಿ ಬಹಳ ಜೋರು. ಕಣ್ಣು ಕೆಂಪಗೆ, ಆದರೆ ಅಂದು ಯಾರ ಕಣ್ಣು ಕೆಂಪಗಿರಲಿಲ್ಲ! ನಾಲಿಗೆ ಒಣಗಿತ್ತು. ಬಿಸಿಲಲ್ಲಿ ಕುಣಿದಿದ್ದಾರಲ್ಲ, ಒಣಗದೆ ಇನ್ನೇನು ಎಂದುಕೊಂಡೆ.

“ಸರ್, ಏನಾಯ್ತು? ನೀವೇ ಹೇಳಿ.”

ಅವರು ನನ್ನನ್ನೇ ನೋಡಿದರು. ಉತ್ತರ ಎಲ್ಲೋ ದೂರದಿಂದ ಬಂದಂತೆ ಬಂತು.

“ಭಂಗಿ, ಮೇಡಂ. ಭಂಗಿ ಜರಾ ಜಾಸ್ತಿ ಆಗ್ಯಾದ್ರಿ.”

ನಾನು ಮೈಸೂರಿನವಳು. ಭಂಗಿ ಎಂದರೆ ನನಗೆ ಯೋಗದ ಭಂಗಿ, ನಾಟ್ಯದ ಭಂಗಿ, ಫೋಟೋಕ್ಕೆ ನಿಲ್ಲುವ ಭಂಗಿ. ಅನುಮಾನವೇನಾದರೂ ಉಳಿದಿದ್ದರೆ ಅದನ್ನು ಅವರ ಹೆಂಡತಿ ಅಲ್ಲೇ ಪರಿಹರಿಸಿಬಿಟ್ಟರು.

“ನಾನು ಅವತ್ತೇ ಹೇಳ್ದೆ! ದಿನಾ ಬೆಳಗ್ಗೆ ಪಾರ್ಕಲ್ಲಿ ಯೋಗ ಮಾಡ್ತಾರೆ ಡಾಕ್ಟ್ರೇ. ಅವ್ರ ಮೇಷ್ಟ್ರು ಮಾತೆತ್ತಿದ್ರೆ ಈ ಭಂಗಿ, ಆ ಭಂಗಿ ಅಂತಾರೆ. ಈ ವಾರ ಹೊಸದೊಂದು ಹೇಳ್ಕೊಟ್ಟಿದ್ದಾರೆ, ಕತ್ತನ್ನ ಪೂರ್ತಿ ಹಿಂದಕ್ಕೆ ಬಗ್ಗಿಸೋದು. ಈ ವಯಸ್ಸಲ್ಲಿ ಬೇಡ ಅಂದ್ರೆ ಕೇಳ್ಬೇಕಲ್ಲ.”

ಕತ್ತು ಎಂಬ ಮಾತು ಕಿವಿಗೆ ಬಿದ್ದದ್ದೇ ನನ್ನ ಬೆನ್ನು ನೆಟ್ಟಗಾಯಿತು. ಕತ್ತಿನ ಮೂಳೆಗಳ ರಂಧ್ರಗಳ ಮೂಲಕ ಎರಡು ರಕ್ತನಾಳಗಳು ಮಿದುಳಿನ ಹಿಂಭಾಗಕ್ಕೆ ಹೋಗುತ್ತವೆ. ಕತ್ತನ್ನು ಅತಿಯಾಗಿ ತಿರುಚಿದರೆ, ಹಿಂದಕ್ಕೆ ಬಗ್ಗಿಸಿದರೆ, ಅಪರೂಪಕ್ಕೊಮ್ಮೆ ಅವುಗಳ ಒಳಪದರ ಹರಿಯುತ್ತದೆ. ಹರಿದಲ್ಲಿ ರಕ್ತ ಹೆಪ್ಪುಗಟ್ಟಿ ಮೇಲಕ್ಕೆ ಹೋಗಿ ಸಿಕ್ಕಿಕೊಂಡರೆ ಪಾರ್ಶ್ವವಾಯು. ಈ ಬಗೆಯಲ್ಲಿ ಕೈ ಸೋಲಬೇಕು, ಬಾಯಿ ಸೊಟ್ಟಗಾಗಬೇಕು ಎಂದೇನಿಲ್ಲ. ಸಮತೋಲ ತಪ್ಪಿ ಮಾತು ತೊದಲಿದರೆ ಸಾಕು.

“ಎಷ್ಟು ಸಲ ಮಾಡಿದ್ರಿ ಸರ್, ಈ ಭಂಗಿ?”

“ಮೊದಲ ಒಂದ್ ಸಲ. ಏನೂ ಆಗ್ಲಿಲ್ರಿ. ಏನೂ ಆಗವಲ್ದಲ್ಲ ಅಂತ ಮತ್ತೊಂದ್ ಸಲ.” ಅವರು ಕೈಯನ್ನು ನಿಧಾನವಾಗಿ ಎತ್ತಿ ನೆತ್ತಿ ಮುಟ್ಟಿಕೊಂಡರು. “ಆಮ್ಯಾಲ ಒಮ್ಮಿಂದೊಮ್ಮಿಲೆ ತಲಿಗೇ ಏರ್ತು ನೋಡ್ರಿ.”

ಇದಕ್ಕಿಂತ ಸ್ಪಷ್ಟವಾಗಿ ಯಾವ ರೋಗಿಯೂ ಹೇಳಲಾರ ಅನ್ನಿಸಿತು ನನಗೆ. ಕುಡಿತದ ಅಭ್ಯಾಸ ಇದೆಯೇ ಎಂದು ವಾಡಿಕೆಯಂತೆ ಕೇಳಿದೆ. ಹೆಂಡತಿಗೆ ಬೇಸರವಾಯಿತು. “ಕಾಫೀನೇ ಬಿಟ್ಟಿದ್ದಾರೆ ಡಾಕ್ಟ್ರೇ, ನೀವೊಳ್ಳೆ!”

ಕಣ್ಣಿಗೆ ಟಾರ್ಚ್ ಬಿಟ್ಟೆ. ಅವರು ನಕ್ಕರು. ಮೂಗು ಮುಟ್ಟಿ, ನನ್ನ ಬೆರಳು ಮುಟ್ಟಿ ಎಂದೆ. ಬಲಗೈ ಬೆರಳನ್ನು ದಾಟಿ ಮುಂದೆ ಹೋಯಿತು, ಎಡಗೈಯೂ ಅಷ್ಟೇ ದಾಟಿ ಹೋಯಿತು, ಮತ್ತೆ ನಕ್ಕರು. ನೋಡಿದರೆ ನಮಗೂ ನಗು ಬರುವಂಥ ನಗು, ಆದರೆ ನಾನು ನಗಲಿಲ್ಲ. ಮಿದುಳಿನ ಬುಡಕ್ಕೆ ರಕ್ತ ಸಾಲದಾದಾಗ ಕಾರಣವಿಲ್ಲದ ನಗು ಮುನ್ಸೂಚನೆಯಾಗಿ ಬರುವುದುಂಟು ಎಂದು ಓದಿದ್ದೆ. ಓದಿದ್ದೆಲ್ಲ ಒಂದೇ ದಿನ ಒಬ್ಬರೇ ರೋಗಿಯಲ್ಲಿ ಸಿಕ್ಕಿದರೆ ಡಾಕ್ಟರಿಗೆ ಒಂದು ಥರದ ಹುರುಪು ಬರುತ್ತದೆ. ಅಂದು ನನಗೂ ಬಂದಿತ್ತು, ಸುಳ್ಳೇಕೆ ಹೇಳಲಿ.

ಸಿ.ಟಿ.ಗೆ ಕಳಿಸಿದೆ. ಸ್ಕ್ಯಾನ್ ಕೋಣೆಯ ತಂತ್ರಜ್ಞರು ಶಿವಾಜಿನಗರದವರು, ಉಪವಾಸದ ತಿಂಗಳಾದ್ದರಿಂದ ನೀರೂ ಮುಟ್ಟದೆ ಕೆಲಸ ಮಾಡುತ್ತಿದ್ದರು. ಚಿತ್ರ ಕೈಗೆ ಬಂತು. ರಕ್ತಸ್ರಾವ ಇಲ್ಲ. ಬೇರೇನೂ ಕಾಣುತ್ತಲೂ ಇಲ್ಲ. ಆದರೆ ಹೆಪ್ಪಿನಿಂದಾದ ಪಾರ್ಶ್ವವಾಯು ಮೊದಲ ಕೆಲವು ಗಂಟೆ ಸಿ.ಟಿ.ಯಲ್ಲಿ ಕಾಣುವುದೇ ಕಡಿಮೆ, ಮಿದುಳಿನ ಹಿಂಭಾಗದ್ದಂತೂ ಇನ್ನೂ ಕಡಿಮೆ.

ತಜ್ಞರಿಗೆ ಫೋನ್ ಮಾಡಿದೆ. ಅವರು ಕೆ.ಆರ್. ಪುರದ ತೂಗುಸೇತುವೆಯ ಬಳಿ ವಾಹನಗಳ ಸಾಲಿನಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಹಾರನ್ನುಗಳ ನಡುವೆ ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು.

“ಎಂ.ಆರ್.ಐ.ಗೆ ಕಳ್ಸೋಕಾಗಲ್ವಾ?”

“ಇಂದಿರಾನಗರದ ಸೆಂಟರ್ ಹಬ್ಬಕ್ಕೆ ಮುಚ್ಚಿದೆ ಸರ್, ಸಂಜೆ ತೆಗೀತಾರಂತೆ. ದೊಡ್ಡ ಆಸ್ಪತ್ರೆಗೆ ಕಳಿಸಬಹುದು, ಆದ್ರೆ ಹಳೇ ಮದ್ರಾಸ್ ರೋಡ್ ನೀವೇ ನೋಡ್ತಿದೀರಲ್ಲ.”

“ನೋಡ್ತಾನೇ ಇದೀನಿ,” ಎಂದರು ಅವರು ನಿಟ್ಟುಸಿರಿಟ್ಟು. “ಟೈಮಿದೆ. ಬ್ಲೀಡ್ ಇಲ್ಲ. ನಡೆಯೋಕೇ ಆಗ್ತಿಲ್ಲ ಅಂದ್ರೆ ಇಂಜೆಕ್ಷನ್ ಕೊಡೋದು ತಪ್ಪಲ್ಲ. ಆದ್ರೆ ರೋಗಿ ಎದುರು ನಿಂತಿರೋರು ನೀವು. ನಿಮಗೆ ಪಾರ್ಶ್ವವಾಯು ಅನ್ನಿಸಿದ್ರೆ ಕೊಡಿ.”

ಈ ಇಂಜೆಕ್ಷನ್ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವಂಥದ್ದು. ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಬೇಗ ಕೊಟ್ಟಷ್ಟೂ ಒಳ್ಳೆಯದು. ಸರಿಯಾದವರಿಗೆ ಸಿಕ್ಕರೆ ಹಾಸಿಗೆ ಹಿಡಿಯಬೇಕಾದವರು ಎದ್ದು ನಡೆಯುತ್ತಾರೆ. ಆದರೆ ಕೆಲವರಿಗೆ ಮಿದುಳಿನೊಳಗೇ ರಕ್ತಸ್ರಾವವಾಗುತ್ತದೆ, ಅದರಿಂದ ಸಾವೂ ಬರಬಹುದು. ಪಾರ್ಶ್ವವಾಯು ನಿಜವಾಗಿದ್ದರೆ ಆ ಅಪಾಯಕ್ಕೆ ಅರ್ಥವಿದೆ. ಇಲ್ಲದಿದ್ದರೆ, ಗಟ್ಟಿಮುಟ್ಟಾಗಿರುವ ಮನುಷ್ಯನನ್ನು ನಾವೇ ಅಪಾಯಕ್ಕೆ ದೂಡಿದ ಹಾಗೆ.

ಸಿಸ್ಟರ್ ಔಷಧಿಯ ಪೆಟ್ಟಿಗೆ ತಂದಿಟ್ಟರು. ಪುಡಿಯ ಸೀಸೆ, ಬೆರೆಸುವ ನೀರು, ಸಿರಿಂಜು ಎಲ್ಲ ಸಾಲಾಗಿ ಜೋಡಿಸಿದರು. ರೋಗಿಯ ತೂಕ ನೋಡಿದ್ದಾಯಿತು, ಪ್ರಮಾಣ ಲೆಕ್ಕ ಹಾಕಿದ್ದಾಯಿತು. ಕೊಡುವ ಮೊದಲು ಮತ್ತೊಮ್ಮೆ ಪರೀಕ್ಷಿಸಬೇಕೆಂಬುದು ನಿಯಮ. ಎಷ್ಟೋ ಸಲ ಅಷ್ಟರಲ್ಲಿ ರೋಗಿ ತಾನಾಗಿ ಸುಧಾರಿಸಿರುತ್ತಾನೆ. ಹಾಸಿಗೆಯ ಬಳಿ ಹೋದೆ.

“ಬರ್ರಿ ಮೇಡಂ,” ಎಂದರು ಅವರು, ಮನೆಗೆ ಬಂದ ನೆಂಟರನ್ನು ಕರೆಯುವ ಹಾಗೆ. “ಭಾಳ ದಿನಾ ಆತಲ್ರಿ ನಿಮ್ಮನ್ನ ನೋಡಿ. ಆರಾಮಿದ್ದೀರೇನು?”

ನಾನು ಆಗಷ್ಟೇ ಫೋನ್ ಮಾಡಲು ಆಚೆ ಹೋಗಿದ್ದೆ.

ಕಣ್ಣು ಮತ್ತೆ ನೋಡಿದೆ. ಮಿದುಳಿನ ಹಿಂಭಾಗಕ್ಕೆ ಪೆಟ್ಟಾದರೆ ಪಕ್ಕಕ್ಕೆ ನೋಡುವಾಗ ಗುಡ್ಡೆ ಅದುರುವುದು ಸಾಮಾನ್ಯ. ಇವರದು ನಿಧಾನವಾಗಿ ನನ್ನ ಬೆರಳಿನ ಹಿಂದೆ ಬಂತು, ಅದುರಲಿಲ್ಲ. ಎರಡು ಕೈಗಳೂ ಒಂದೇ ಅಳತೆಗೆ ದಾರಿ ತಪ್ಪುತ್ತಿದ್ದವು. ಪಾರ್ಶ್ವವಾಯುವಿಗೆ ಆ ಹೆಸರು ಬಂದಿರುವುದೇ ಒಂದು ಪಾರ್ಶ್ವವನ್ನು ಹಿಡಿಯುವುದರಿಂದ. ಎಡಬಲಕ್ಕೆ ಇಷ್ಟು ಸಮನಾಗಿ ಹಂಚುವ ಪಾರ್ಶ್ವವಾಯುವನ್ನು ನಾನು ಕಂಡಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ ಕಾಡಿದ್ದು ಆ ‘ಭಾಳ ದಿನಾ’. ಹೆಪ್ಪುಗಟ್ಟಿದ ರಕ್ತ ಮನುಷ್ಯನ ನಡಿಗೆ ಕಸಿಯಬಹುದು, ಮಾತು ಕಸಿಯಬಹುದು. ಐದು ನಿಮಿಷವನ್ನು ಹೀಗೆ ಎಳೆದು ಉದ್ದ ಮಾಡಿ ಕೊಡುವುದು ಅದರ ಜಾಯಮಾನವಲ್ಲ.

ಸಿಸ್ಟರ್ ಸೀಸೆಯ ಮುಚ್ಚಳ ತೆಗೆಯುತ್ತಿದ್ದರು.

“ಸಿಸ್ಟರ್, ಬೆರೆಸ್ಬೇಡಿ.”

“ಡಾಕ್ಟರಮ್ಮ, ಟೈಮ್ ಹೋಗುತ್ತೆ.”

“ಗೊತ್ತು. ಆದ್ರೂ ಬೆರೆಸ್ಬೇಡಿ. ಸ್ವಲ್ಪ ತಡೀರಿ.”

ಹೇಳಿಬಿಟ್ಟೆ. ನನ್ನ ಅನುಮಾನವೇ ತಪ್ಪಾಗಿದ್ದರೆ? ಅವರ ತಂದೆಯ ಹಾಗೆ ಇವರೂ ಹಾಸಿಗೆ ಹಿಡಿದರೆ, ಸೀಸೆ ಕೈಯಲ್ಲಿದ್ದೂ ಕೊಡದವಳು ನಾನೇ. ಕಾರಿಡಾರಿನಲ್ಲಿ ಕೂತಿದ್ದ ಹೆಂಡತಿಯ ಬಳಿ ಹೋಗಿ ಪಕ್ಕದ ಕುರ್ಚಿಯಲ್ಲಿ ಕೂತೆ. ಇಂಜೆಕ್ಷನ್ನಿನ ಲಾಭ, ಅಪಾಯ, ನನ್ನ ಅನುಮಾನ ಎಲ್ಲವನ್ನೂ ಬಿಡಿಸಿ ಹೇಳತೊಡಗಿದೆ. ಆಕೆ ಗಂಭೀರವಾಗಿ ಕೇಳಿಸಿಕೊಳ್ಳುತ್ತಿದ್ದರು.

“ನನಗೆ ಅವ್ರು ಇದ್ದ ಹಾಗೇ ಬೇಕು ಡಾಕ್ಟ್ರೇ. ಯೋಗ ಮಾಡ್ಕೊಂಡು, ನನ್ನ ಸಾರಿಗೆ ಖಾರ ಇಲ್ಲ ಅಂತ ಗೊಣಗಿಕೊಂಡು. ಅಷ್ಟೇ.”

“ಅದಕ್ಕೇ ಅಮ್ಮ, ನಾನು ಯೋಚನೆ ಮಾಡ್ತಿರೋದು. ಕೆಲವರಿಗೆ ಮಿದುಳಲ್ಲಿ ರಕ್ತಸ್ರಾವ...”

ಆಕೆ ಕಿಸಕ್ಕನೆ ನಕ್ಕರು.

ಇಬ್ಬರೂ ಗಾಬರಿಯಾದೆವು. ಸೆರಗಿನಿಂದ ಬಾಯಿ ಮುಚ್ಚಿಕೊಂಡು, “ಅಯ್ಯೋ, ಕ್ಷಮಿಸಿ. ಯಾಕೋ ಗೊತ್ತಿಲ್ಲ,” ಎಂದರು. ಭಯಕ್ಕೂ ನಗು ಬರುತ್ತದೆ, ಆಸ್ಪತ್ರೆಯಲ್ಲಿ ಅದು ಹೊಸದೇನಲ್ಲ. ಪರವಾಗಿಲ್ಲ ಎಂದು ಮುಂದುವರಿಸಿದೆ. ರಕ್ತಸ್ರಾವ ಎಂಬ ಪದಕ್ಕೆ ಬಂದಾಗ ಮತ್ತೆ ಕಿಸಕ್. ಸೆರಗು ಪೂರ್ತಿ ಬಾಯೊಳಗೆ ಹೋಯಿತು. ಕಣ್ಣಲ್ಲಿ ನೀರು.

“ಡಾಕ್ಟ್ರೇ,” ಎಂದರು ಆಕೆ ಪಿಸುಮಾತಿನಲ್ಲಿ, ಬಹಳ ಮರ್ಯಾದೆಯಿಂದ, “ತಪ್ಪು ತಿಳೀಬೇಡಿ. ನಿಮ್ಮ ಮೂಗು ದೂರ ದೂರ ಹೋಗ್ತಾ ಇದೆ.”

ಆಗ ನಾನು ಆಕೆಯ ಮುಖವನ್ನು ಸರಿಯಾಗಿ ನೋಡಿದೆ. ಈಕೆ ಬಣ್ಣ ಆಡಿರಲಿಲ್ಲ, ಬಿಸಿಲಲ್ಲಿ ಕುಣಿದಿರಲಿಲ್ಲ. ಆದರೂ ಎರಡು ಕಣ್ಣೂ ದಾಸವಾಳದ ಹಾಗಿದ್ದವು. ಮಣಿಕಟ್ಟು ಹಿಡಿದೆ, ನಾಡಿ ಗಂಡನ ನಾಡಿಯ ಜೊತೆ ಪಂದ್ಯಕ್ಕೆ ಬಿದ್ದಂತೆ ಓಡುತ್ತಿತ್ತು. ಗಂಡನಿಗೆ ಪಾರ್ಶ್ವವಾಯು ಆದ ಮಧ್ಯಾಹ್ನವೇ ಹೆಂಡತಿಗೂ ಅದೇ ಪಾರ್ಶ್ವವಾಯು ಆಗಲು ಇದೇನು ನೆಗಡಿಯೇ?

ಅವರನ್ನು ಕೈಹಿಡಿದು ಒಳಗೆ ಕರೆತಂದು ಪಕ್ಕದ ಹಾಸಿಗೆಯಲ್ಲಿ ಕೂರಿಸಿದೆ. ನೇರ ಗಂಡನ ಎದುರು ಹೋಗಿ ನಿಂತೆ.

“ಸರ್, ಆ ಭಂಗಿ. ಯಾವ ಭಂಗಿ ಅದು? ಒಂಚೂರು ತೋರಿಸಿ ನೋಡೋಣ.”

ಅವರು ನನ್ನನ್ನು ಬಹಳ ಕನಿಕರದಿಂದ ನೋಡಿದರು. “ತೋರ್ಸೋದು ಹ್ಯಾಂಗ್ರೀ ಮೇಡಂ? ಹೊಟ್ಟ್ಯಾಗ ಅದ.”

ಸಿಸ್ಟರ್ ಗೋಡೆ ಹಿಡಿದುಕೊಂಡು, ತಮಿಳಿನಲ್ಲಿ ದೇವರನ್ನು ಕರೆಯುತ್ತ ನಗತೊಡಗಿದರು. “ಅಯ್ಯೋ ಕಡವುಳೇ! ಡಾಕ್ಟರಮ್ಮ, ಬಾಂಗ್!”

“ಹೌದ್ರಿ, ಭಂಗಿ,” ಎಂದರು ಅವರು ಸಮಾಧಾನವಾಗಿ. “ನಾ ಬಂದ ಕೂಡ್ಲೇ ಹೇಳೀನಲ್ರಿ.”

ಹೇಳಿದ್ದರು, ನಿಜ. ಅವರ ಊರಿನಲ್ಲಿ ಬಾಂಗಿಗೆ, ಅಂದರೆ ಗಾಂಜಾ ಗಿಡದ ಸೊಪ್ಪಿಗೆ, ಭಂಗಿ ಎಂದೇ ಹೆಸರು. ಮೈಸೂರಿನ ಡಾಕ್ಟರೂ ಮಂಡ್ಯದ ಹೆಂಡತಿಯೂ ಸೇರಿಕೊಂಡು ಆ ಪಾಪದ ಮನುಷ್ಯನನ್ನು ತಲೆಕೆಳಗಾಗಿ ನಿಲ್ಲಿಸಿ ಯೋಗ ಮಾಡಿಸಿಬಿಟ್ಟಿದ್ದೆವು.

ನಗುವಿನ ನಡುವೆಯೂ ಕೆಲಸ ಬಿಡುವಂತಿರಲಿಲ್ಲ. ಭಂಗಿ ಬೆರೆಸಿದ ಬರ್ಫಿ ಕೊಟ್ಟದ್ದು ಪಕ್ಕದ ಮನೆಯವರೆಂದು ಗಂಡ ಹೇಳಿದ ಮೇಲೆ, ಅವರ ಫೋನಿನಿಂದಲೇ ಆ ಮನೆಯವರಿಗೆ ಕರೆ ಮಾಡಿಸಿದೆ. ಅವರು ಉತ್ತರ ಭಾರತದವರು, ಕಾಲೋನಿಗೆ ಬಂದು ಹೆಚ್ಚು ಕಾಲವಾಗಿಲ್ಲ. ಎರಡು ತಟ್ಟೆ ಬರ್ಫಿ ಮಾಡಿಸಿದ್ದರಂತೆ. ಒಂದು ಬರೀ ಪಿಸ್ತಾದ್ದು, ಇನ್ನೊಂದು ಹಬ್ಬದ್ದು. ಎರಡೂ ಹಸಿರು.

“ಮೇಡಂ, ನಾನು ಎಲ್ಲರ್‌ಗೂ ಬೋಲಾ, ಯೇ ಭಾಂಗ್ ವಾಲಾ ಅಂತ,” ಎಂದರು ಆತ, ಅಳುವ ದನಿಯಲ್ಲಿ. “ಅಂಕಲ್ ಬೋಲೇ, ಗೊತ್ತು ಗೊತ್ತು, ನಮ್ಮ ಕಡೆ ಭಂಗಿ. ಆಂಟಿ ಯಾವಾಗ ಖಾಯಾ, ನನಗೆ ಗೊತ್ತಿಲ್ಲ.”

ಆ ತಟ್ಟೆಯನ್ನು ಆ ಕ್ಷಣವೇ ಮಕ್ಕಳಿಗೆ ಸಿಗದ ಹಾಗೆ ತೆಗೆದಿಡಿ, ಬೇರೆ ಯಾರು ಯಾರು ತಿಂದಿದ್ದಾರೆ ವಿಚಾರಿಸಿ, ಯಾರಿಗೂ ಗಾಡಿ ಓಡಿಸಲು ಬಿಡಬೇಡಿ ಎಂದು ಹೇಳಿದೆ. ಮಕ್ಕಳು ತಿಂದರೆ ಉಸಿರಾಟಕ್ಕೇ ತೊಂದರೆಯಾಗಬಹುದು. ಆತ ಓಡಿಹೋಗಿ ನೋಡಿಕೊಂಡು ಬಂದು, ಮಕ್ಕಳಿಗೆಲ್ಲ ಚಾಕೊಲೇಟ್ ಕೇಕ್ ಕೊಟ್ಟಿದ್ದೆವು, ಇದನ್ನು ಅವರಾರೂ ಮುಟ್ಟಿಲ್ಲ ಎಂದ ಮೇಲೆ ನನ್ನ ಉಸಿರು ಕೆಳಗಿಳಿಯಿತು.

ತಜ್ಞರಿಗೆ ಮತ್ತೆ ಫೋನ್. ಅವರು ಇನ್ನೂ ಅದೇ ಸೇತುವೆಯ ಬಳಿಯೇ ಇದ್ದರು. ಪೂರ್ತಿ ಕೇಳಿ, ಹಾರನ್ನುಗಳನ್ನೂ ಮೀರಿಸಿ ನಕ್ಕರು. “ಇಂಜೆಕ್ಷನ್ ಬೇಡ. ಆದ್ರೆ ಬಾಂಗ್ ತಿಂದವರಿಗೆ ಪಾರ್ಶ್ವವಾಯು ಬರಬಾರದು ಅಂತೇನೂ ಇಲ್ಲ. ಸಂಜೆ ಎಂ.ಆರ್.ಐ. ಮಾಡಿಸಿ. ಅಲ್ಲಿವರೆಗೂ ಆಗಾಗ ಪರೀಕ್ಷೆ ಮಾಡ್ತಾ ಇರಿ,” ಎಂದರು.

ಬಾಂಗಿಗೆ ಪ್ರತಿಮದ್ದು ಇಲ್ಲ. ಕತ್ತಲು ಮಾಡಿದ ಕೋಣೆ, ಸ್ವಲ್ಪ ಗ್ಲೂಕೋಸು, ಹೃದಯದ ಮೇಲೆ ಕಣ್ಣು, ಮತ್ತು ಪಕ್ಕದಲ್ಲಿ ಕೂತು ಏನೂ ಆಗುವುದಿಲ್ಲ ಎಂದು ಹೇಳುವ ಒಬ್ಬ ಮನುಷ್ಯ. ಇಷ್ಟೇ ಚಿಕಿತ್ಸೆ. ನಾನು ಎರಡು ಹಾಸಿಗೆಗಳ ನಡುವೆ ಸ್ಟೂಲು ಹಾಕಿಕೊಂಡು ಕೂತೆ. ಯಾಕೆಂದರೆ ಅಷ್ಟರಲ್ಲಿ ಗಂಡನ ನಗು ಮುಗಿದು ಭಯ ಶುರುವಾಗಿತ್ತು.

“ಇದು ಇಳಿಯೂದಿಲ್ಲೇನ್ರಿ ಮೇಡಂ? ಹಿಂಗೇ ಉಳೀತೀನೇನು? ನಮ್ಮೂರಾಗ ಸೇದಾವ್ರನ್ನ ನೋಡೀನಿ. ಸೇದಿದ್ರು, ಏರ್ತು, ಇಳೀತು. ನಂದು ಯಾಕ ಇಳಿಯವಲ್ದು?”

“ಸೇದಿದ್ರೆ ಹೊಗೆ ಶ್ವಾಸಕೋಶಕ್ಕೆ ಹೋಗಿ, ಅಲ್ಲಿಂದ ಸೀದಾ ರಕ್ತಕ್ಕೆ, ರಕ್ತದಿಂದ ಮಿದುಳಿಗೆ ಸರ್. ನಿಮಿಷಗಳ ಕೆಲಸ. ನೀವು ತಿಂದಿರೋದು. ತಿಂದಿದ್ದು ಹೊಟ್ಟೇಲಿ ಕರಗಬೇಕು, ಕರುಳಿಗಿಳೀಬೇಕು, ಅಲ್ಲಿಂದ ಮೊದಲು ಲಿವರ್‌ಗೆ ಹೋಗ್ಬೇಕು. ಲಿವರ್ ದಾಟದೆ ಮುಂದೆ ಬಿಡೋದೇ ಇಲ್ಲ.”

ಅವರು ಹುಬ್ಬು ಗಂಟಿಕ್ಕಿದರು. ಅಷ್ಟು ದೂರ ಹೋಗಿದ್ದ ಮನುಷ್ಯ ಹತ್ತಿರ ಬರುತ್ತಿರುವಂತೆ ಕಂಡಿತು. “ಅಂದ್ರ, ಲಿವರ್ ಸೆಕ್ಷನ್ನಾಗ ಫೈಲ್ ಪೆಂಡಿಂಗ್ ಅದ.”

“ಹಾಗೇ ಅನ್ಕೊಳ್ಳಿ.”

“ಅಪ್ರೂವಲ್ ಆಗೂತನಾ ಏನೂ ಆಗಂಗಿಲ್ಲ.”

“ಅದಕ್ಕೇ ಮೊದಲನೇ ಬರ್ಫಿ ತಿಂದಾಗ ಏನೂ ಅನ್ನಿಸ್ಲಿಲ್ಲ. ನೀವು ಕಾಯದೆ ಎರಡನೇ ಅರ್ಜಿ ಹಾಕಿದ್ರಿ.”

ಅವರು ನಕ್ಕರು. ಈ ಸಲದ ನಗು ಅವರದೇ ನಗು. “ಆಮ್ಯಾಲ ಎರಡೂ ಕೂಡೇ ಸ್ಯಾಂಕ್ಷನ್ ಆದ್ವು.”

“ಆಗಿದ್ದಷ್ಟೇ ಅಲ್ಲ ಸರ್. ಲಿವರ್ ಆ ವಸ್ತೂನ ಬೇರೆಯದಾಗಿ ಬದಲಾಯಿಸಿ ಕಳ್ಸುತ್ತೆ. ಈ ಬದಲಾದದ್ದು ಮಿದುಳಿಗೆ ಇನ್ನೂ ಸುಲಭವಾಗಿ ನುಗ್ಗುತ್ತೆ. ಅದಕ್ಕೇ ತಿಂದವರಿಗೆ ತಡವಾಗಿ ಏರುತ್ತೆ, ಜೋರಾಗಿ ಏರುತ್ತೆ, ನಿಧಾನವಾಗಿ ಇಳಿಯುತ್ತೆ. ಆದ್ರೆ ಇಳಿದೇ ಇಳಿಯುತ್ತೆ.”

“ನಮ್ಮ ಆಫೀಸಿನಾಗೂ ಹಂಗೇ. ಫೈಲು ಲೇಟಾಗಿ ಬಂದ್ರ ಭಾರೀ ಆಗಿ ಬರ್ತದ,” ಎಂದು ಅವರು ಕಣ್ಣು ಮುಚ್ಚಿಕೊಂಡರು. ಮಾನಿಟರಿನಲ್ಲಿ ನಾಡಿಯ ಸಂಖ್ಯೆ ಸ್ವಲ್ಪ ಇಳಿಯಿತು. ನಾನು ಅದನ್ನು ಕಂಡು ಖುಷಿಯಿಂದ ಸಿಸ್ಟರಿಗೆ ಸನ್ನೆ ಮಾಡಿದೆ. ಯಾವ ಔಷಧಿಯನ್ನೂ ಕೊಡದೆ, ಕಚೇರಿಯ ಭಾಷೆಯಲ್ಲಿ ನಾಡಿ ಇಳಿಸಿದ್ದು ಅದೇ ಮೊದಲು.

ಪಕ್ಕದ ಹಾಸಿಗೆಯಲ್ಲಿ ಹೆಂಡತಿಯ ಮೆರವಣಿಗೆ ಈಗಷ್ಟೇ ಹೊರಟಿತ್ತು. ಗಂಡ ಖಾಲಿ ಹೊಟ್ಟೆಯಲ್ಲಿ ತಿಂದಿದ್ದರು. ಈಕೆ ಹೋಳಿಗೆ, ತುಪ್ಪ, ಚಿತ್ರಾನ್ನ ಎಲ್ಲ ಮುಗಿಸಿ, ಪಿಸ್ತಾ ಎಂದುಕೊಂಡು ಒಂದು ಚೂರು ಬಾಯಿಗೆ ಹಾಕಿಕೊಂಡಿದ್ದರು. ಹೊಟ್ಟೆ ತುಂಬಿದ್ದರೆ ಇಳಿಯುವುದು ತಡ. ತುಪ್ಪವಿದ್ದರೆ ಇನ್ನೂ ತಮಾಷೆ, ಏಕೆಂದರೆ ಆ ವಸ್ತು ನೀರಿನಲ್ಲಿ ಕರಗುವುದಿಲ್ಲ, ಜಿಡ್ಡಿನಲ್ಲಿ ಕರಗುತ್ತದೆ. ತುಪ್ಪದ ಜೊತೆ ಸೇರಿ ದೇಹಕ್ಕೆ ಹೆಚ್ಚೇ ಸೇರುತ್ತದೆ. ಒಂದೇ ತಟ್ಟೆಯ ಬರ್ಫಿ ಇಬ್ಬರಲ್ಲಿ ಎರಡು ಬಗೆಯಾಗಿ ಕೆಲಸ ಮಾಡುತ್ತಿತ್ತು.

ಆಕೆಗೆ ಭಯವೇ ಆಗಲಿಲ್ಲ. ಗಂಡನಿಗೆ ಪಾರ್ಶ್ವವಾಯು ಅಲ್ಲ ಎಂಬ ಸುದ್ದಿಯೂ ಬರ್ಫಿಯೂ ಒಟ್ಟಿಗೇ ಏರಿದ್ದವೋ ಏನೋ. ಛಾವಣಿಯ ಫ್ಯಾನನ್ನು ನೋಡಿ ನಕ್ಕರು, ಸಿಸ್ಟರಿನ ಟೋಪಿ ನೋಡಿ ನಕ್ಕರು. ಆಮೇಲೆ ಪರದೆಯ ಆಚೆಗೆ ಗಂಡನನ್ನು ಕೂಗಿದರು.

“ರೀ! ಕೇಳಿಸ್ತಾ ಇದೆಯಾ? ನನ್ನ ಸಾರು ಚೆನ್ನಾಗಿದೆ ತಾನೇ?”

ಆ ಕಡೆಯಿಂದ ಉತ್ತರ ಬಂತು, “ಖಾರ ಕಮ್ಮಿ.”

“ನೋಡಿದ್ರಾ ಡಾಕ್ಟ್ರೇ,” ಎಂದರು ಆಕೆ ನನ್ನ ಕೈ ಹಿಡಿದುಕೊಂಡು, ಕಣ್ಣೀರು ಸುರಿಸುತ್ತ, ನಗುತ್ತ. “ಮಿದುಳು ಸರಿಯಾಗೇ ಇದೆ.”

ಸಂಜೆ ಇಂದಿರಾನಗರಕ್ಕೆ ಕಳಿಸಿ ಎಂ.ಆರ್.ಐ. ಮಾಡಿಸಿದೆವು. ಆಂಬುಲೆನ್ಸಿನಲ್ಲಿ ನಾನೂ ಹೋಗಿದ್ದೆ. ಆ ಯಂತ್ರದ ಢಣಢಣ ಸದ್ದಿಗೆ ಎಲ್ಲರೂ ಹೆದರುತ್ತಾರೆ. ಇವರು ಕಾಲಿನ ಹೆಬ್ಬೆರಳಿನಲ್ಲಿ ತಾಳ ಹಾಕುತ್ತಿದ್ದರೆಂದು ಅಲ್ಲಿಯವರು ದೂರಿದರು, ಚಿತ್ರ ಅಲುಗುತ್ತದೆಂದು. ಮಿದುಳಿನಲ್ಲಿ ಯಾವ ದೋಷವೂ ಇರಲಿಲ್ಲ. ಕತ್ತಿನ ನಾಳಗಳೂ ಒಂದು ಗೀರಿಲ್ಲದೆ ಇದ್ದವು. ಯೋಗ ಮೇಷ್ಟ್ರ ಹೆಸರು ಉಳಿಯಿತು.

ವಾಪಸು ಬರುವಷ್ಟರಲ್ಲಿ ಇಬ್ಬರಿಗೂ ಹಸಿವು. ಹಸಿವೆಂದರೆ ಅಂತಿಂಥದ್ದಲ್ಲ. ನುಂಗುವುದು ಸರಿಯಿದೆಯೇ ಎಂದು ಚಮಚೆಯಲ್ಲಿ ನೀರು ಕೊಟ್ಟು ನೋಡಿ, ಕೆಮ್ಮಲಿಲ್ಲವೆಂದು ಖಾತ್ರಿಯಾದ ಮೇಲೆಯೇ ಊಟಕ್ಕೆ ಒಪ್ಪಿದೆ. ಅದೇ ಹೊತ್ತಿಗೆ ಸ್ಕ್ಯಾನ್ ಕೋಣೆಯ ತಂತ್ರಜ್ಞರು ಉಪವಾಸ ಬಿಡಲು ಖರ್ಜೂರ, ಕಲ್ಲಂಗಡಿ ಹಣ್ಣು ಬಿಚ್ಚಿದ್ದರು. ವಿಮಾ ಅಧಿಕಾರಿ ಆ ಡಬ್ಬಿಯನ್ನು ನೋಡಿದ ನೋಟಕ್ಕೆ ಅವರು ಕರಗಿಹೋದರು. “ಲೇವ್ ಸಾಬ್, ತಗೊಳ್ಳಿ. ಹಮಾರಾ ಹಸಿವು ಕುಚ್ ನಹೀಂ, ನಿಮ್ದು ನೋಡಿದ್ರೆ ಭಯ ಆಗ್ತದೆ,” ಎಂದು ಅರ್ಧ ಡಬ್ಬಿ ಕೊಟ್ಟರು. ಸಿಸ್ಟರ್ ಕ್ಯಾಂಟೀನಿನಿಂದ ಇಡ್ಲಿ ತರಿಸಿದರು, ಮತ್ತೆ ತರಿಸಿದರು. ಇಡೀ ವಿಭಾಗ ಅವರಿಬ್ಬರ ಸುತ್ತ ನಿಂತು, ತಿನ್ನುವುದನ್ನೇ ನೋಡುತ್ತಿತ್ತು. ಎಷ್ಟೋ ಹಬ್ಬಗಳನ್ನು ಡ್ಯೂಟಿಯಲ್ಲಿ ಕಳೆದಿದ್ದೇನೆ. ಹಬ್ಬ ಮಾಡಿದ ಹಾಗೆನ್ನಿಸಿದ್ದು ಅದೊಂದೇ.

ಅಂದಿನಿಂದ ನನ್ನ ಅಭ್ಯಾಸ ಒಂದಿಷ್ಟು ಬದಲಾಗಿದೆ. ರೋಗಿ ಒಂದು ಪದ ಹೇಳಿದರೆ, ನನಗೆ ಎಷ್ಟೇ ಚೆನ್ನಾಗಿ ಗೊತ್ತಿರುವ ಪದವಾದರೂ, ಹಾಗಂದರೇನು ಎಂದು ಅವರ ಬಾಯಿಂದಲೇ ಕೇಳುತ್ತೇನೆ. ಕೆಲವರು ಈ ಡಾಕ್ಟರಿಗೆ ಕನ್ನಡವೇ ಬರುವುದಿಲ್ಲ ಎಂದುಕೊಳ್ಳುತ್ತಾರೆ. ಕೊಳ್ಳಲಿ.

ರಾತ್ರಿ ಇಬ್ಬರನ್ನೂ ಅಲ್ಲೇ ಉಳಿಸಿಕೊಂಡೆವು. ಬೆಳಿಗ್ಗೆ ನಾನು ಬಂದಾಗ ಗಂಡ ಮುಖ ತೊಳೆದು, ತಲೆಯ ನೇರಳೆ ಬಣ್ಣದ ಹೊರತು ಉಳಿದೆಲ್ಲ ರೀತಿಯಲ್ಲೂ ಗಂಭೀರ ಅಧಿಕಾರಿಯಾಗಿ ಕೂತಿದ್ದರು. ನನ್ನನ್ನು ಕಂಡು ನಾಚಿಕೊಂಡರು. “ಅರವತ್ತಕ್ಕ ಬಂದೀನಿ ಮೇಡಂ, ಒಮ್ಮಿನೂ ರುಚಿ ನೋಡಿರ್ಲಿಲ್ಲ. ಒಂದ್ ಸಲ ನೋಡೋಣಂತ...” ಎಂದು ಅರ್ಧಕ್ಕೆ ನಿಲ್ಲಿಸಿದರು. ಹೆಂಡತಿ ಕಿಟಕಿಯ ಆಚೆ ನೋಡುತ್ತಿದ್ದರು. ಮಬ್ಬು ಪೂರ್ತಿ ಇಳಿದ ಮೇಲೆ ಹಿಂದಿನ ದಿನದ ಭಯ ಆಕೆಗೆ ಈಗ ಬಂದಿತ್ತೆಂದು ತೋರುತ್ತದೆ.

ಮನೆಗೆ ಕಳಿಸುವ ಮೊದಲು ಒಂದು ಪರೀಕ್ಷೆ ಬಾಕಿಯಿತ್ತು. ಒಂದು ಪಾದದ ಹಿಮ್ಮಡಿಗೆ ಇನ್ನೊಂದು ಪಾದದ ಬೆರಳು ತಾಗಿಸುತ್ತ ನೇರ ಗೆರೆಯಲ್ಲಿ ನಡೆಯಬೇಕು. ಸಮತೋಲದಲ್ಲಿ ಕೂದಲೆಳೆಯಷ್ಟು ಊನವಿದ್ದರೂ ಇದರಲ್ಲಿ ಗೊತ್ತಾಗುತ್ತದೆ. ಕಾರಿಡಾರಿನ ನೆಲದ ಕಲ್ಲುಗಳ ಸಂದಿಯೇ ಗೆರೆ. ಬಾಗಿಲವರೆಗೆ ಹೋಗಿ ತಿರುಗಿ ಬನ್ನಿ ಸರ್, ಎಂದೆ.

ಅವರು ಎದ್ದು ನಿಂತು ಜುಬ್ಬಾ ಸರಿಮಾಡಿಕೊಂಡರು. ಒಂದು ಹೆಜ್ಜೆ ಇಟ್ಟರು. ಇನ್ನೊಂದು. ಸಿಸ್ಟರ್ ಪಕ್ಕದಲ್ಲೇ ಕೈ ಚಾಚಿಕೊಂಡು ನಡೆದರು, ಹಿಡಿಯುವ ಅಗತ್ಯ ಬೀಳಲಿಲ್ಲ. ಹೆಂಡತಿ ಕಾರಿಡಾರಿನ ಗೋಡೆಯ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ಅವರ ಪಾದಗಳನ್ನೇ ನೋಡುತ್ತಿದ್ದರು. ಗೆರೆ ಎಲ್ಲೂ ತಪ್ಪಲಿಲ್ಲ. ಬಾಗಿಲು ದಾಟುವ ಮುನ್ನ ಅವರು ನಿಲ್ಲಬೇಕಿತ್ತು, ನಿಲ್ಲಲಿಲ್ಲ. ಹೊಸ್ತಿಲು ದಾಟಿ, ಮೆಟ್ಟಿಲಿಳಿದು, ಬಿಸಿಲಿಗೆ ಹೋದರು. ಅಂಗಳದಲ್ಲೂ ಅದೇ ರೀತಿ, ಹಿಮ್ಮಡಿಗೆ ಬೆರಳು ತಾಗಿಸಿಕೊಂಡು, ಗೇಟಿನ ಕಡೆ.

“ಸರ್, ಸಾಕು! ವಾಪಸ್ ಬನ್ನಿ!” ಎಂದು ನಾನು ಕೂಗಿದೆ.

ಹೆಂಡತಿ ನನ್ನ ತೋಳು ಹಿಡಿದರು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು.

“ಕರೀಬೇಡಿ ಡಾಕ್ಟ್ರೇ,” ಎಂದರು. “ನಡೀಲಿ ಬಿಡಿ. ಎಷ್ಟು ದೂರ ನಡೀತಾರೋ ನಡೀಲಿ.”